ಗಾರ್ಡ್ ಇಲ್ಲದ ಗೂಡ್ಸ್‌ಗೆ ಕೆಂಪು ಬಾವುಟ

ನನಗೆ ಕೋಪ ಮೂಗಿನ ತುದಿಯಲ್ಲಿ ಅಂತ ಸುಳ್ಯದ ನಮ್ಮ ಮನೆಯಲ್ಲಿ ಎಲ್ಲರೂ ಹೇಳುದು. ಹೌದು, ಇರಲಿ. ಗೂಡ್ಸ್ ಗಾಡಿಯ ಸಹಾಯಕ ಪೈಲಟ್ ಆಗಿ ಬೇಸಗೆಯ ಮಧ್ಯಾಹ್ನ ಇಂಜಿನ್ನಿನೊಳಗೆ ಕೂತು ನೋಡಿ, ನಿಮಗೂ ಬರ್ತದೆ.

ನಮ್ಮಲ್ಲಿ ಒಂದು ಕ್ರಮ ಉಂಟು. ಗಾಡಿ ಸ್ಟೇಷನ್ ದಾಟುವಾಗ ಅಲ್ಲಿನ ಹಳಿ ನೋಡಿಕೊಳ್ಳುವ ಪಾಯಿಂಟ್ಸ್‌ಮನ್ ಹಳಿಯ ಪಕ್ಕ ನಿಂತು ಇಂಜಿನ್ನಿಗೂ ಕೊನೆಯ ಡಬ್ಬಿಯ ಗಾರ್ಡ್‌ಗೂ ಹಸಿರು ಬಾವುಟ ತೋರಿಸಬೇಕು. ಗಾರ್ಡ್ ತಿರುಗಿ ಹಸಿರು ತೋರಿಸಬೇಕು. ತೋರಿಸದಿದ್ದರೆ ಹಿಂದೆ ಎಂತದೋ ಆಗಿದೆ ಅಂತಲೇ ಲೆಕ್ಕ, ಪಾಯಿಂಟ್ಸ್‌ಮನ್ ಕೆಂಪು ತೋರಿಸಿ ಗಾಡಿ ನಿಲ್ಲಿಸಬೇಕು. ಈಚೆಗೆ ಕೆಲವು ಗೂಡ್ಸ್‌ಗಳಲ್ಲಿ ಗಾರ್ಡೇ ಇಲ್ಲ. ಕೊನೆಯ ವ್ಯಾಗನ್ನಿಗೆ ಒಂದು ಪೆಟ್ಟಿಗೆ ಸಿಕ್ಕಿಸಿರ್ತಾರೆ. ಗಾಡಿ ತುಂಡಾಗದೆ ಬರ್ತಾ ಉಂಟಾ, ಬ್ರೇಕಿನ ಗಾಳಿ ಸರಿ ಉಂಟಾ ಅಂತ ಅದು ಇಂಜಿನ್ನಿಗೆ ತಿಳಿಸ್ತದೆ. ಪೆಟ್ಟಿಗೆಗೆ ಹಸಿವಿಲ್ಲ, ರಜೆ ಬೇಡ. ಬಾವುಟ ಹಿಡಿಯಲು ಕೈಯೂ ಇಲ್ಲ.

ಅಂಥದೊಂದು ಗಾಡಿಯಲ್ಲಿ ಕಡಬ ಕಡೆಯ ಸಣ್ಣ ಸ್ಟೇಷನ್ ದಾಟ್ತಾ ಇದ್ದೆವು. ನಾನು ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದೆ. ಪಾಯಿಂಟ್ಸ್‌ಮನ್ ಕೆಂಪು ಬಾವುಟ ಬೀಸ್ತಾ ಓಡ್ತಿದ್ದಾರೆ!

"ಹಿಂದೆ ಕೆಂಪು!" ಅಂತ ಬೊಬ್ಬೆ ಹಾಕಿದೆ. ಗಾಡಿ ಓಡಿಸ್ತಿದ್ದ ಪುತ್ತೂರು ಕಡೆಯ ಹಿರಿಯ ಪೈಲಟ್ ಬ್ರೇಕ್ ಹಾಕಿದರು. ಪೆಟ್ಟಿಗೆ ಎಲ್ಲ ಸರಿ ಅಂತಲೇ ತೋರಿಸ್ತಿತ್ತು. ಮೊದಲಾದರೆ ಹಿಂದಿನಿಂದ ಗಾರ್ಡ್ ನೋಡಿಕೊಂಡು ಬರ್ತಿದ್ದರು. ಈಗ ಜಲ್ಲಿಯ ಮೇಲೆ ಉದ್ದಕ್ಕೂ ನಾನೇ ನಡೆಯಬೇಕು. ಒಂದೊಂದು ವ್ಯಾಗನ್ನಿನ ಅಡಿ ಬಗ್ಗಿ ನೋಡಿದೆ. ಎಂತದೂ ಇಲ್ಲ.

"ಎಂತ ಆಯ್ತು?" ಅಂತ ಓಡಿ ಬಂದ ಪಾಯಿಂಟ್ಸ್‌ಮನ್ ಹತ್ತಿರ ಕೇಳಿದೆ.

ಅವರು ಏದುಸಿರು ಬಿಡ್ತಾ, "ಗಾರ್ಡ್ ಕಾಣಲಿಲ್ಲ ಮೇಡಂ" ಅಂದರು.

"ನಿಮಗೆ ತಲೆ ಸಮ ಉಂಟಾ ಮಾರಾಯ್ರೆ? ಈ ಗಾಡಿಗೆ ಗಾರ್ಡ್ ಇಲ್ಲ ಅಂತ ಹೇಳಿರಲಿಲ್ವಾ?"

"ಹೇಳಿದ್ದರು. ಆದರೆ ಗಾರ್ಡಿನ ಜಾಗ ಖಾಲಿ ಕಂಡ ಕೂಡಲೆ ಎದೆ ಧಸಕ್ ಅಂತು. ಮತ್ತೆ ಕೈ ತನ್ನಷ್ಟಕ್ಕೆ ಹೋಯ್ತು."

ಅವರ ಮುಖ ಬಿಳಿಚಿಕೊಂಡಿತ್ತು. ಮೊದಲೇ ಒಮ್ಮೆ ಎಚ್ಚರಿಕೆ ಕೊಟ್ಟಿದ್ದಾರಂತೆ; ಇನ್ನೊಂದು ತಪ್ಪಾದರೆ ಘಟ್ಟದ ಮೇಲಕ್ಕೆ ವರ್ಗ. ಹೆಂಡತಿಗೆ ಪುತ್ತೂರಿನಲ್ಲಿ ಡಯಾಲಿಸಿಸ್ ನಡೀತಾ ಉಂಟು, ಕರೆದುಕೊಂಡು ಹೋಗಲು ಬೇರೆ ಜನ ಇಲ್ಲ. ನನ್ನ ಕೋಪ ಎಲ್ಲಿ ಹೋಯ್ತೋ!

ಇಂಜಿನ್ನಿಗೆ ಬಂದು ಪೈಲಟ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಹೆಂಡತಿಯ ವಿಷಯವನ್ನೂ. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಸ್ಟೇಷನ್ ಮಾಸ್ಟರ್, ಗಾಡಿ ಯಾಕೆ ನಿಂತದ್ದು ಅಂತ ಕೇಳಿದರು. ಪೈಲಟ್ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. ನನಗೆ ಜೀವ ಕೈಯಲ್ಲಿ.

"ನಿಮ್ಮ ಜನಕ್ಕೆ ಸಂಶಯ ಬಂತು, ನಿಲ್ಲಿಸಿದ್ರು. ನಾವು ನೋಡಿ ಆಯ್ತು, ಗಾಡಿ ಸರಿ ಉಂಟು. ಸಂಶಯ ಬಂದರೆ ನಿಲ್ಲಿಸಿ ಅಂತ ಕಲಿಸಿದ್ದು ನಾವೇ. ಅದಕ್ಕೆ ಶಿಕ್ಷೆ ಕೊಟ್ಟರೆ ನಾಳೆ ನಿಜವಾಗಿ ಬೆಂಕಿ ಹತ್ತಿದರೂ ಯಾರೂ ಕೆಂಪು ತೋರಿಸ್ಲಿಕ್ಕಿಲ್ಲ."

ವಾಕಿಟಾಕಿ ಗರಗರ ಅಂತು. ಮತ್ತೆ, "ಆಯ್ತು, ಅದನ್ನು ಅಲ್ಲಿಗೇ ಬಿಡುವ. ನೀವು ಹೊರಡಿ" ಅಂದರು ಮಾಸ್ಟರ್.

ಗಾಡಿ ಹೊರಟ ಮೇಲೆ, "ಪಾಪ, ಅವರನ್ನು ಉಳಿಸಿದ್ರಿ" ಅಂದೆ.

"ಅವರಿಗಾಗಿ ಅಲ್ಲ ಮಾರಾಯ್ತಿ" ಅಂದರು ಹಳಿಯಿಂದ ಕಣ್ಣು ತೆಗೆಯದೆ. "ಗಾರ್ಡಿನ ಸೀಟು ಹೋಯ್ತು. ಮನುಷ್ಯರ ಕಣ್ಣು ಬೇಡ, ಪೆಟ್ಟಿಗೆ ಸಾಕು ಅಂತ ನಾಳೆ ನಿನ್ನ ಸೀಟೂ ಹೋದರೆ ಹಿಂದೆ ಕೆಂಪು ಅಂತ ನನಗೆ ಹೇಳುವವರು ಯಾರು?"