ಸಡಿಲಾದ ಜೋಡುನಳಿಗೆ

ಲಡಲಡ ಎನ್ನುವ ವಸ್ತು ಕಂಡರೆ ನನಗೆ ಮೈ ಉರಿಯುತ್ತದೆ. ಬಾಗಿಲ ಚಿಲಕವಾಗಲಿ, ಕೊಡಲಿಯ ಕಾವಾಗಲಿ, ಬಿಗಿ ಮಾಡುವವರೆಗೆ ಊಟ ಸೇರುವುದಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟರ್ ಆಗಿರುವವನ ಚಟ ಇದು. ಅಂಥವನ ಪಾಲಿಗೆ ಅಪ್ಪನ ಜೋಡುನಳಿಗೆ ಬಂದೂಕು ಬಂತು. ಅದರ ನಳಿಗೆಗಳೋ, ಮುದುಕನ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು.

ನಿಜಾಮನ ಕಾಲದಲ್ಲಿ ಅಜ್ಜ ಕೊಂಡ ಬಂದೂಕು ಅದು. ನಾವು ಲಿಂಗ ಕಟ್ಟಿದವರು, ಬೇಟೆ ನಮ್ಮದಲ್ಲ. ದಂಡೋತಿಯಲ್ಲಿ ಕಾಗಿಣಾ ದಂಡೆಯ ನಮ್ಮ ಹೊಲಕ್ಕೆ ಹಂದಿ ನುಗ್ಗಿದಾಗ ಅಪ್ಪ ಆಕಾಶಕ್ಕೆ ಒಂದು ಬಾರು ಹಾರಿಸುತ್ತಿದ್ದ, ಅಷ್ಟೇ. ಕೊನೆಯ ಆರು ವರ್ಷ ಎಡಭಾಗಕ್ಕೆ ಲಕ್ವ ಹೊಡೆದು ಹಾಸಿಗೆ ಹಿಡಿದ. ಬಂದೂಕು ಅವನ ಕಣ್ಣೆದುರಿನ ಗೋಡೆಗೆ ತೂಗಿಬಿದ್ದಿತು. ನಾನು ವಾಡಿಯಲ್ಲೇ ಕೋಣೆ ಮಾಡಿಕೊಂಡಿದ್ದೆ, ರವಿವಾರಕ್ಕೊಮ್ಮೆ ಬಂದು ಮಾತಾಡಿಸಿ ಸಂಜೆಗೆ ಹೊರಡುತ್ತಿದ್ದೆ.

ಅಪ್ಪ ತೀರಿ ವರ್ಷ ತುಂಬಿದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಮಾಡಿಸಲು ಹೋದೆ. ಅಧಿಕಾರಿ ಬಂದೂಕನ್ನು ನಡುವಿಗೆ ಮಡಚಿ ಬಾಯಿ ತೆರೆದು, ಮುಚ್ಚಿ, ನಳಿಗೆ ಹಿಡಿದು ಅಲುಗಿಸಿ ನೋಡಿದ.

"ಇದು ಹಾರಿಸಿದವನ ಮಾರೀನೇ ಸುಡ್ತದ. ದಸರಾದೊಳಗ ರಿಪೇರಿ ಮಾಡಿಸಿ ತೋರಸ್ರಿ. ಇಲ್ಲಂದ್ರ ಠಾಣಾಕ್ಕ ಒಪ್ಪಿಸಿಬಿಡ್ರಿ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಗೋಡೆಯ ಬರಿ ಮೊಳೆಗಳನ್ನು ನೋಡಿದಳು.

"ಅವರದು ಅಂತ ಅದೊಂದೇ ಆ ಗ್ವಾಡಿಗಿ ಉಳದದ. ಅದೂ ಹೋದ್ರ ನಾ ಯಾವ ಕಡಿ ಮಾರಿ ಮಾಡಿ ಕುಂದರ್ಲಿ?"

"ಹೋಗಗೊಡಂಗಿಲ್ಲವ್ವ" ಎಂದೆ. ಅಂದ ಮೇಲೆ ಮುಗಿಯಿತು, ನನ್ನ ಹಟ ನನಗೇ ಗೊತ್ತು.

ಬಂದೂಕು ರಿಪೇರಿಯ ಪರವಾನಗಿ ಇದ್ದ ಉಸ್ತಾದ್ ಒಬ್ಬರು ಚಿತ್ತಾಪುರದಲ್ಲಿದ್ದರು. ಆದರೆ ಕಣ್ಣಿಗೆ ಪೊರೆ ಬಂದಿತ್ತು. "ಕಣ್ಣ ಹೋಗ್ಯಾವ ಬೇಟಾ, ಬೆರಳ ಇನ್ನಾ ಅದಾವ. ನಾ ಹೇಳ್ತೀನಿ, ನೀ ಅರ ಹೊಡಿ" ಎಂದರು. ಪ್ರತಿ ರವಿವಾರ ಅವರ ಅಂಗಡಿಯಲ್ಲೇ, ಅವರ ಎದುರಿಗೇ ಕೆಲಸ ಎಂದು ಮಾತಾಯಿತು.

ಮೊದಲ ದಿನವೇ ಜಾಣತನ ಮಾಡಿದೆ. ಸವೆದ ಜಾಗಕ್ಕೆ ಹಿತ್ತಾಳೆಯ ತೆಳು ತಗಡು ತುರುಕಿ, ಬಿಗಿಯಾಯಿತೆಂದು ಎದೆಯುಬ್ಬಿಸಿ ಕೊಟ್ಟೆ. ಉಸ್ತಾದ್ ಹತ್ತು ಸಲ ಮಡಚಿ ಮುಚ್ಚಿದರು. ತಗಡು ಮುದುಡಿಕೊಂಡು ಹೊರಗೆ ಬಿತ್ತು.

"ಛೀ! ಯಾಕ ಸವದದ ಅಂತ ನೋಡಲಾರದ ತ್ಯಾಪಿ ಹಚ್ಚತಿ?"

"ಅರ ಮೊಂಡ ಅದರಿ ಚಾಚಾ."

"ಹೌದ್ಹೌದು. ಕುಣಿಲಿಕ್ಕ ಬರದಾಕಿಗಿ ನೆಲ ಡೊಂಕು."

ಸಿಟ್ಟು ನೆತ್ತಿಗೇರಿತು. ಆದರೆ ಮುದುಕ ಹೇಳಿದ್ದರಲ್ಲಿ ಸುಳ್ಳೇನಿತ್ತು? ಮುಂದಿನ ರವಿವಾರ ಒಂದೊಂದೇ ಬಿಚ್ಚಿದೆ. ನಳಿಗೆಯನ್ನು ಕೆಳಗಿನಿಂದ ಕಚ್ಚಿ ಹಿಡಿಯುವ ಉಕ್ಕಿನ ಅಗುಳಿಯ ಸುತ್ತ ಬೂದುಬಣ್ಣದ ಗಟ್ಟಿ ಮೆತ್ತೆ ಸಿಕ್ಕಿತು. ನೆಲದ ಫರಸಿ ಕಲ್ಲಿನ ಧೂಳಿರಬೇಕು ಎಂದೆ. ಉಸ್ತಾದ್ ಅದನ್ನು ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿದು ನಕ್ಕುಬಿಟ್ಟರು.

"ಧೂಳಲ್ಲೋ ಹುಚ್ಚಾ. ನಿಮ್ಮ ಮನಿ ಈಬತ್ತಿ ಇದು. ಎಣ್ಣಿ ಕೂಡಿ ಸಾಣಿ ಹಿಡದಂಗ ಹಿಡದದ."

ವಿಭೂತಿ! ಕಾರ್ಖಾನೆಯಲ್ಲಿ ನಾವು ವಾಲ್ವು ತಿಕ್ಕುವ ಪೇಸ್ಟೂ ಇಂಥದ್ದೇ, ನಿಧಾನಕ್ಕೆ ಉಕ್ಕನ್ನು ತಿನ್ನುತ್ತದೆ. ದಸರೆಗೊಮ್ಮೆ ಆಯುಧಪೂಜೆಯಲ್ಲಿ ಹಚ್ಚಿದ್ದು ಇಷ್ಟಾಗಲಾರದು. ಊರಿಗೆ ಬಂದವನೇ ಹೊಸ್ತಿಲಲ್ಲೇ ಕೂಗಾಡಿದೆ.

"ಬಂದೂಕಿನ ಹೊಟ್ಟಿಯೊಳಗ ಈಬತ್ತಿ ತುಂಬಿದವರು ಯಾರು? ಒಳ್ಳೇ ಬಂದೂಕ ತಿಂದು ಹಾಕ್ಯದಲ್ಲ!"

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ನಾನೇ ಹಚ್ಚೀನಿ. ಸೋಮವಾರಕ್ಕೊಮ್ಮಿ. ನಿಮ್ಮಪ್ಪ ದಿನಾ ಎಡಗೈಲೆ ಅದನ್ನ ಮಡಚಿ ಮುಚ್ಚತಿದ್ರು, ಕೈಗಿ ಬಲಾ ಬರ್ಲಿ ಅಂತ. ನಾ ಎದುರಿಗಿ ಅದರ ಹಿಡಿ ಹಿಡಕೊಂಡು ಕುಂದರ್ತಿದ್ದೆ. ಇದನ್ನ ಒಬ್ಬನೇ ಎತ್ತಿದ ದಿನ ಹೊಲಕ್ಕ ಹೋಗ್ತೀನಿ ಅಂತಿದ್ರು. ಅದು ಬಾಯಿ ತೆರದಾಗ ಹಚ್ಚತಿದ್ದೆ. ತಪ್ಪಾತೇನೋ?"

ಆರು ವರ್ಷ ಈ ಮನೆಯಲ್ಲಿ ಇಷ್ಟೆಲ್ಲ ನಡೆದಿತ್ತು, ನನಗೆ ಗೊತ್ತೇ ಇರಲಿಲ್ಲ. ಸೋಮವಾರ ನಾನು ಎಂದಾದರೂ ಇದ್ದೆನೇ? ಅವಳ ಮೇಲೆ ಬಂದಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ದಸರೆಗೆ ಐದು ವಾರ ಉಳಿದಿತ್ತು. ಹೊಸ ಅಗುಳಿ ಅರೆಯಲು ಕೂತೆ. ಉಕ್ಕಿಗೆ ದೀಪದ ಕಾಡಿಗೆ ಹಿಡಿದು, ಕೂರಿಸಿ, ಮುಚ್ಚಿ ತೆಗೆದರೆ ತಾಕಿದ ಕಡೆ ಕಪ್ಪು ಅಳಿಸಿರುತ್ತದೆ. ಅಲ್ಲಿ ಮಾತ್ರ ಎರಡು ಎಳೆತ ಅರ. ಮತ್ತೆ ಕಾಡಿಗೆ. ಮೊದಲನೆಯದನ್ನು ಆತುರಕ್ಕೆ ಹೆಚ್ಚು ಅರೆದು ಕೆಡಿಸಿದೆ. ಎರಡನೆಯದು ಕಾಸಿ ಹದ ಮಾಡುವಾಗ ಬಿರುಕುಬಿಟ್ಟಿತು. ಬೆರಳ ಸಿಪ್ಪೆ ಸುಲಿಯಿತು. "ಸಾಕು ಮಾಡ್ತೀ ಏನು?" ಎಂದು ಉಸ್ತಾದ್ ಕೆಣಕಿದರು. "ಸಾಕು ಅನ್ನೋ ಮಗ ನಾನಲ್ರಿ" ಎಂದೆ. ಕೊನೆಯ ರವಿವಾರ ಮೂರನೆಯದನ್ನು ಕೂರಿಸಿ ಮುಚ್ಚಿದೆ. ಟಕ್ ಎಂದಿತು. ಉಸ್ತಾದ್ ಮತ್ತೊಮ್ಮೆ ಮುಚ್ಚಿಸಿ, ಕಿವಿಗೊಟ್ಟು ಕೇಳಿ, ನನ್ನ ಬೆನ್ನಿಗೊಂದು ಗುದ್ದಿದರು.

ಅಧಿಕಾರಿ ಎಷ್ಟು ಅಲುಗಿಸಿದರೂ ನಳಿಗೆ ಅಲುಗಲಿಲ್ಲ. ಬಂದೂಕು ಗೋಡೆಗೆ ಮರಳಿತು.

ಆಯುಧಪೂಜೆಯ ಬೆಳಿಗ್ಗೆ ಅದನ್ನಿಳಿಸಿ ಮಣೆಯ ಮೇಲಿಟ್ಟೆ. ಅವ್ವ ಮೂರು ಬೆರಳಿಗೆ ವಿಭೂತಿ ತಗೊಂಡವಳು ಕೈ ಹಿಂದೆಳೆದಳು.

"ಬ್ಯಾಡ ಬಿಡಪಾ. ಮತ್ತ ಸವೀತದ."

"ಹಚ್ಚವ್ವ" ಎಂದೆ. "ಒರಸಲಿಕ್ಕ ನಾ ಅದೀನಿ."

ಅಗುಳಿಯ ಮೇಲೇ ಹಚ್ಚಿದಳು, ದಪ್ಪಗೆ. ಹಬ್ಬ ಮುಗಿದ ಮರುದಿನ ಕೆಲಸಕ್ಕೆ ರಜೆ ಹಾಕಿ, ಸೀಮೆಎಣ್ಣೆ ಬಟ್ಟೆ ಹಿಡಿದು ಪಡಸಾಲೆಯಲ್ಲಿ ಕೂತೆ. ಬಂದೂಕು ಮಡಚುವಷ್ಟರಲ್ಲಿ ಅವ್ವ ಬಂದು ನನ್ನೆದುರು ಕೂತಳು. ನಾನೇನೂ ಕೇಳಿರಲಿಲ್ಲ. ಎರಡೂ ಕೈಯಿಂದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.