ಕ್ಲಚ್ ಇಲ್ಲದ ಗಾಡಿ

ಗೋಕಾಕದಲ್ಲಿ ಬೀರಸಿದ್ದಪ್ಪನಿಗೆ ತೋರಿಸದೆ ಗಾಡಿ ಕೊಳ್ಳುವವರು ಕಡಿಮೆ. ಅವನೇನು ಮೆಕ್ಯಾನಿಕ್ ಅಲ್ಲ. ಪ್ರಾಯದಿಂದಲೂ ಗೋಕಾಕ–ಮೂಡಲಗಿ, ಗೋಕಾಕ–ಹುಕ್ಕೇರಿ ಲೈನಿನಲ್ಲಿ ಟ್ರ್ಯಾಕ್ಸ್ ಎಂಬ ಬಾಡಿಗೆ ಜೀಪು ಓಡಿಸಿದವನು. ಒಳಗೆ ಹಿಡಿಸಿದಷ್ಟು ಜನ, ಉಳಿದವರು ಹಿಂದೆ ಏಣಿ ಹಿಡಿದು ನೇತಾಡುತ್ತಿದ್ದರು. ಗಾಡಿ ಪರೀಕ್ಷೆಗೆ ಅವನದೇ ಒಂದು ಪದ್ಧತಿ ಇತ್ತು. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ತುಂಬಿದ ಚಹಾದ ಕಪ್ಪಿಟ್ಟು, ಅದು ನಡುಗುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಚಹಾ ತುಳುಕಿದರೆ "ಬ್ಯಾಡ", ಸಣ್ಣಗೆ ನಡುಗಿದರೆ "ತಗೋರಿ". ಆಮೇಲೆ ಆ ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅದೇ ಅವನ ಫೀಸು.

ಆದರೆ ಈಗ ಎರಡು ವರ್ಷದಿಂದ ಅವನು ಗಾಡಿ ನೋಡುತ್ತಿದ್ದನೇ ಹೊರತು ಓಡಿಸುತ್ತಿರಲಿಲ್ಲ. ಎಡ ಮೊಣಕಾಲು ಸವೆದಿತ್ತು. ಘಟಪ್ರಭಾದ ಡಾಕ್ಟರು, "ಕ್ಲಚ್ ತುಳಿಯೋದು ಬಿಟ್ರ ಕಾಲು ಉಳೀತೈತಿ, ಇಲ್ಲಂದ್ರ ಇಲ್ಲ" ಎಂದುಬಿಟ್ಟರು. ಟ್ರ್ಯಾಕ್ಸ್ ಮಾರಿದ. ಮಾರಿದ ದಿನ ಉಣ್ಣದೆ ಮಲಗಿದ. ಅಂದಿನಿಂದ ಸ್ಟ್ಯಾಂಡಿನ ಚಹಾದಂಗಡಿಯ ಕಟ್ಟೆಯೇ ಅವನ ಡ್ಯೂಟಿ. ಅಲ್ಲಿ ಕೂತು, ಬೇರೆಯವರು ಗೇರು ಕರಕರ ಎನ್ನಿಸಿದರೆ ಅವರ ಮೂರು ತಲೆಮಾರಿಗೂ ಬೈಯುತ್ತಿದ್ದ. "ಕುಂತಲ್ಲೇ ಊರಾನ ಗಾಡಿ ಎಲ್ಲಾ ಇವರ ಹೊಡೀತಾರ" ಎಂದು ಹೆಂಡತಿ ಸಿದ್ದವ್ವ ನಗುತ್ತಿದ್ದಳು. ಒಳಗೊಳಗೇ ಅವಳಿಗೂ ಸಂಕಟವೇ. ಕೂತು ಉಣ್ಣುವ ಮನುಷ್ಯನಲ್ಲ ಆತ.

ಹೀಗಿರುವಾಗ ಮಹಾವೀರ ಸಾವಕಾರರು ಕರೆಂಟಿನ ದೊಡ್ಡ ಗಾಡಿ ಕೊಳ್ಳಬೇಕೆಂದು ಹೊರಟರು. ಮನೆ ಗೋಕಾಕದಲ್ಲಿ, ಬೀಜ ಗೊಬ್ಬರದ ಅಂಗಡಿ ಮೂಡಲಗಿಯಲ್ಲಿ. ಸೊಸೆ ದೀಪಾಲಿ ಹುಕ್ಕೇರಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮಗ ಶುಭಮ ಅಂಗಡಿಯ ಮಾಲಿಗೆಂದು ಊರೂರು ತಿರುಗುವವನು. ಹೊಸ ಗಾಡಿ ಬೆಳಿಗ್ಗೆ ದೀಪಾಲಿಯನ್ನು ಹುಕ್ಕೇರಿಗೆ ಮುಟ್ಟಿಸಿ ಮಧ್ಯಾಹ್ನ ಕರೆತರಬೇಕು. ಕೂಡಲೇ ಮೂಡಲಗಿಗೆ ಹೋಗಿ ಸಾವಕಾರರನ್ನು ಮನೆ ಸೇರಿಸಬೇಕು. ಅದೂ ಹೊತ್ತು ಮುಳುಗುವುದರೊಳಗೆ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಸಾವಕಾರರು ತುತ್ತು ಮುಟ್ಟುವುದಿಲ್ಲ, ನೀರೂ ಕುಡಿಯುವುದಿಲ್ಲ. ನಡುವೆ ಎಲ್ಲೋ ಗಾಡಿ ನಿಲ್ಲಿಸಿ ಚಾರ್ಜಿಗೆ ಹಾಕಿ ಕಾಯುವ ಮಾತೇ ಇಲ್ಲ. ಈ ಓಡಾಟಕ್ಕೆ ಗಾಡಿ ತಾಳುತ್ತದೋ ಇಲ್ಲವೋ ನೋಡಲು ಶೋರೂಮಿನವರು ಒಂದು ದಿನಕ್ಕೆ ಗಾಡಿ ಕೊಡಲು ಒಪ್ಪಿದ್ದರು. ಸಾವಕಾರರು ಬೀರಸಿದ್ದಪ್ಪನನ್ನು ಕರೆದೊಯ್ದರು.

ಶೋರೂಮಿನಲ್ಲಿ ಬೀರಸಿದ್ದಪ್ಪ ಪದ್ಧತಿಯಂತೆ ಬಾನೆಟ್ಟಿನ ಮೇಲೆ ಚಹಾ ಇಟ್ಟು, "ಚಾಲೂ ಮಾಡ್ರಿ" ಎಂದ.

"ಚಾಲೂ ಆಗೇತ್ರಿ ಕಾಕಾ" ಎಂದಳು ಅಲ್ಲಿನ ಹುಡುಗಿ ಐಶ್ವರ್ಯ.

ಚಹಾ ಮಿಸುಕಲಿಲ್ಲ. ಅವನು ಬಗ್ಗಿ ಕಿವಿಗೊಟ್ಟ. ಏನೂ ಇಲ್ಲ. ಜೀವಮಾನದ ವಿದ್ಯೆ ಅಲ್ಲಿಗೆ ಮುಗಿಯಿತು. ಮುಖ ಗಂಟಿಕ್ಕಿಕೊಂಡು ಡ್ರೈವರ್ ಸೀಟಿಗೆ ಹತ್ತಿ ಕೂತ. ಎಡಗಾಲು ತನ್ನಷ್ಟಕ್ಕೆ ತಾನೇ ಕೆಳಗೆ ತಡಕಾಡಿತು.

"ಕ್ಲಚ್ ಎಲ್ಲೈತ್ರಿ?"

"ಇದಕ್ಕ ಕ್ಲಚ್ಚ ಇಲ್ರಿ ಕಾಕಾ. ಎಡಗಾಲಿಗೆ ಕೆಲಸಾನ ಇಲ್ಲ."

ಬೀರಸಿದ್ದಪ್ಪ ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. ಸಾವಕಾರರು ಕಿಟಕಿಯ ಹತ್ತಿರ ಬಂದು, "ನೀ ಹೂಂ ಅಂದ್ರ ತಗೋತೇವಿ, ಒಲ್ಲೆ ಅಂದ್ರ ಬಿಡ್ತೇವಿ. ತಗೊಂಡ್ರ ದಿನಾ ನೀನ ಹೊಡಿಬೇಕು" ಎಂದರು. ಪಕ್ಕದಲ್ಲಿ ಐಶ್ವರ್ಯ ಗಾಡಿಯ ಬಗ್ಗೆ ಇನ್ನೂ ಏನೇನೋ ಹೇಳುತ್ತಲೇ ಇದ್ದಳು. ಕ್ಲಚ್ ಇಲ್ಲ ಎಂಬುದರ ಆಚೆಗೆ ಅವನ ಕಿವಿಗೆ ಒಂದೂ ಬೀಳಲಿಲ್ಲ.

ಮರುದಿನ ಮುಕ್ಕಾಲು ಚಾರ್ಜಿದ್ದ ಗಾಡಿಯಲ್ಲಿ ದೀಪಾಲಿಯನ್ನು ಕೂರಿಸಿಕೊಂಡು ಹುಕ್ಕೇರಿಗೆ ಹೊರಟ. ಎರಡು ವರ್ಷದ ಮೇಲೆ ಕೈಗೆ ಸ್ಟೇರಿಂಗ್ ಸಿಕ್ಕಿತ್ತು. ಮೊಣಕಾಲು ಕಮಕ್ ಕಿಮಕ್ ಅನ್ನಲಿಲ್ಲ. ಘಟಪ್ರಭಾ ದಾಟುವಷ್ಟರಲ್ಲಿ ಗುನುಗತೊಡಗಿದ್ದ. ಕಬ್ಬಿನ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆಯುತ್ತ ದಾರಿ ತುಂಬಾ ಹೊರಟಿದ್ದವು. ಇಳಿಜಾರು ಬಂದಲ್ಲೆಲ್ಲ ಅವನು ಗುಂಡಿ ತಿರುಗಿಸಿ ಗಾಡಿಯನ್ನು ನ್ಯೂಟ್ರಲ್ ಮಾಡಿ ಬಿಡುತ್ತಿದ್ದ, ಮುಂದೆ ಟ್ರ್ಯಾಕ್ಟರ್ ಅಡ್ಡ ಬಂದರೆ ಬ್ರೇಕು ಒತ್ತುತ್ತಿದ್ದ. ಡೀಸೆಲ್ ಉಳಿಸಲು ಆ ಲೈನಿನ ಡ್ರೈವರುಗಳು ಕಲಿತ ಹಳೆಯ ಚಾಳಿ ಅದು. ಮಧ್ಯಾಹ್ನ ವಾಪಸು ಬರುತ್ತ ಗೋಕಾಕ ಫಾಲ್ಸಿನಿಂದ ಊರಿಗೆ ಇಳಿಯುವಾಗಲಂತೂ ಹೆಮ್ಮೆಯಿಂದ, "ನೋಡ್ರಿ ಅಕ್ಕಾರ, ಹನಿ ಕರೆಂಟ್ ಖರ್ಚಿಲ್ದ ಊರು ಮುಟ್ಟಸ್ತೇನಿ" ಎಂದ. ದೀಪಾಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು.

ಆದರೆ ಚಾರ್ಜು ಅವನು ಎಣಿಸಿದ್ದಕ್ಕಿಂತ ಬೇಗ ಇಳಿಯಿತು. ಮೂಡಲಗಿಯಿಂದ ಸಾವಕಾರರನ್ನು ಕೂರಿಸಿಕೊಂಡು ಹೊರಟಾಗ ಗಾಡಿ ಕೆಂಪು ದೀಪ ತೋರಿಸಿತು. ಎಸಿ ಬಂದ್ ಮಾಡಿದ, ಎತ್ತಿನ ಗಾಡಿಯ ನಡಿಗೆಯಲ್ಲಿ ಓಡಿಸಿದ. ಮನೆ ಮುಟ್ಟಿದಾಗ ಹೊತ್ತು ಮುಳುಗಿ ದೀಪ ಹಚ್ಚಿದ್ದರು. ಸಾವಕಾರರ ತಾಯಿ ಲಕ್ಷ್ಮೀಬಾಯಿ ಬಡಿಸಿಟ್ಟ ತಾಟನ್ನು ಒಳಗೆ ಒಯ್ಯುತ್ತ, "ನನ್ನ ಮಗಾ ಇವತ್ತ ಉಪಾಸ ನೋಡ್ರಿ" ಎಂದಳು. ಬೀರಸಿದ್ದಪ್ಪನಿಗೆ ನೆಲ ಬಿರಿಯಬಾರದೇ ಎನಿಸಿತು.

ಸಾವಕಾರರು ಬೈಯಲಿಲ್ಲ. "ಏನಂತಿ?" ಎಂದಷ್ಟೇ ಕೇಳಿದರು.

ಹೂಂ ಎಂದರೆ ಗಾಡಿ ಅವನ ಕೈಗೆ ಬರುತ್ತಿತ್ತು. ನಾಳೆ ಹೊಂದಿಸಿಕೊಂಡು ಹೋದರಾಯಿತು, ಯಾರು ಕೇಳುತ್ತಾರೆ? ಬೀರಸಿದ್ದಪ್ಪ ಎಡ ಮೊಣಕಾಲು ಸವರಿಕೊಂಡ. "ಬ್ಯಾಡ್ರಿ ಸಾವಕಾರ್ರ" ಎಂದ. "ನಿಮ್ಮ ಓಡಾಟಕ್ಕ ಇದು ತಾಳಂಗಿಲ್ಲ."

ಮನೆಗೆ ಹೋದಾಗ ಸಿದ್ದವ್ವ ಅವನ ಮುಖ ನೋಡಿಯೇ ತಾಟು ಹಾಕಿ ರೊಟ್ಟಿ ಬಡಿಸಿದಳು.

ಬೆಳಿಗ್ಗೆ ಗಾಡಿ ವಾಪಸು ಕೊಡುವಾಗ ದೀಪಾಲಿಯೂ ಬಂದಿದ್ದಳು. ಹಿಂದಿನ ದಿನದ ಫಜೀತಿಯನ್ನೆಲ್ಲ ಹೇಳುತ್ತ ನ್ಯೂಟ್ರಲ್ ಮಾತೂ ತೆಗೆದಳು. ಐಶ್ವರ್ಯ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ಕಾಕಾ! ಇಳಿಜಾರದಾಗ ಪೆಡಲ್ ಮ್ಯಾಗಿಂದ ಕಾಲು ತಗದ್ರ ಸಾಕ, ಗಾಡಿ ತಾನ ಚಾರ್ಜ್ ಮಾಡ್ಕೋತೈತ್ರಿ. ನೀವು ನ್ಯೂಟ್ರಲ್ ಮಾಡಿ ಬ್ರೇಕ್ ಹಾಕ್ಕೋಂತ ಹ್ವಾದ್ರ ಅದಕ್ಕೇನ ಸಿಗತೈತಿ? ನಾ ನಿಮಗ ಮೊನ್ನೆನ ಹೇಳಿದ್ದೆ."

ಹೇಳಿದ್ದಳು. ಅವನಿಗೆ ಕೇಳಿರಲಿಲ್ಲ. ಊರವರ ಗಾಡಿಗಳ ತಪ್ಪು ಹುಡುಕಿದವನು ಈಗ ಒಂದು ಗಾಡಿಯ ಮೇಲೆ ತನ್ನ ತಪ್ಪು ಹೊರಿಸಿ ಬಂದಿದ್ದ. ಕಿವಿ ಬಿಸಿಯಾದವು. "ಇನ್ನೊಂದ ದಿನಾ ಕೊಡ್ರಿ" ಎಂದ. "ಚಾರ್ಜ್ ನಿನ್ನಿ ಇದ್ದಷ್ಟ ಇರ್ಲಿ. ಒಂದು ಕೂದಲೆಳಿ ಹೆಚ್ಚಿಗಿ ಬ್ಯಾಡ."

ಮರುದಿನ ಮತ್ತೆ ಅದೇ ಹುಕ್ಕೇರಿ, ಅದೇ ಕಬ್ಬಿನ ಟ್ರ್ಯಾಕ್ಟರುಗಳು. ಮೊದಲ ಇಳಿಜಾರಿನಲ್ಲೇ ಎಡಗೈ ಗುಂಡಿಯ ಕಡೆ ಹೋಯಿತು. ಅದನ್ನು ಎಳೆದು ತೊಡೆಯ ಕೆಳಗೆ ಹಾಕಿಕೊಂಡು ಕೂತ. ದೀಪಾಲಿ ಕಿಟಕಿಯ ಕಡೆ ತಿರುಗಿ ನಕ್ಕಳು. ಗಾಡಿ ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ಮೆಲ್ಲಗೆ ಇಳಿಯಿತು, ಚಾರ್ಜು ಎರಡು ಅಂಕಿ ಮೇಲೇರಿತು. ಅಂದು ಸಾವಕಾರರು ಮನೆ ಮುಟ್ಟಿ, ಕಾಲು ತೊಳೆದು, ಊಟಕ್ಕೆ ಕೂತಾಗ ಸೂರ್ಯ ಇನ್ನೂ ಮಾರುದ್ದ ಮೇಲಿದ್ದ. ಚಾರ್ಜೂ ಸಾಕಷ್ಟು ಉಳಿದಿತ್ತು.

ಊಟ ಮುಗಿಸಿ ಬಂದವರ ಮುಂದೆ ಬೀರಸಿದ್ದಪ್ಪ ನಿಂತೇ ಹೇಳಿದ: "ಸಾವಕಾರ್ರ, ಗಾಡಿ ಚಲೋ ಐತಿ. ಆವತ್ತ ತಪ್ಪಿದಾಂವ ನಾನು. ನಿಮ್ಮನ್ನ ಉಪಾಸ ಕೆಡವಿದ್ದು ನನ್ನ ಚಾಳಿ, ಗಾಡಿ ಅಲ್ಲ. ತಗೋರಿ."

ಸಾವಕಾರರು ಮೀಸೆಯಲ್ಲೇ ನಕ್ಕರು. "ಆವತ್ತ ಬ್ಯಾಡ, ಇವತ್ತ ತಗೋರಿ. ಸೀಟಿನ ಆಶಾ ಬಿಡವಲ್ದೇನೋ ನಿನ್ನ?"

ತಮಾಷೆಗೆ ಅಂದ ಮಾತು. ಆದರೂ ಅದು ಎದೆಗೇ ನಾಟಿತು. ಊರೂ ನಾಳೆ ಇದನ್ನೇ ಅನ್ನುತ್ತದೆ, ಆಗ ನಗುವವರು ಸಾವಕಾರರೊಬ್ಬರೇ ಆಗಿರುವುದಿಲ್ಲ.

"ಆಶಾ ಐತ್ರಿ. ಖರೆ ಹೇಳಾಕ ನಾಚಿಕಿ ಏನು?" ಎಂದ. "ಅದಕ್ಕ ಹೇಳ್ತೇನಿ, ಗಾಡಿ ತಗೋರಿ, ಡ್ರೈವರ್ ಇಡಬ್ಯಾಡ್ರಿ. ಕ್ಲಚ್ ಇಲ್ಲ, ಗೇರ್ ಇಲ್ಲ. ಅಕ್ಕಾರ ಹೊಡೀತಾರ. ನಾ ಬಾಜೂಕ ಕುಂತು ಕಲಸ್ತೇನಿ."

ಅವನ ಮಾತಿನಂತೆಯೇ ಆಯಿತು. ಗಾಡಿ ಬಂತು. ಬೀರಸಿದ್ದಪ್ಪ ದಿನವೂ ಬಾಜೂ ಸೀಟಿನಲ್ಲಿ ಕೂತು, ದೀಪಾಲಿ ತಿರುವಿನಲ್ಲಿ ಜೋರಾದರೆ ತಾನೇ ಎಡಗಾಲು ಒತ್ತಿ, ಆಮೇಲೆ ಅಲ್ಲಿ ಏನೂ ಇಲ್ಲವೆಂದು ನೆನಪಾಗಿ ಬೈದುಕೊಳ್ಳುತ್ತಿದ್ದ. ಅವಳು ಬೇಗ ಕಲಿತಳು. ಇಷ್ಟು ಬೇಗ ಕಲಿಯಬಾರದಿತ್ತು ಎಂದು ಅವನಿಗೆ ಒಮ್ಮೊಮ್ಮೆ ಅನಿಸಿದ್ದುಂಟು. ಕಲಿಸುವುದು ಮುಗಿದ ಮೇಲೆ ಮತ್ತೆ ಅದೇ ಚಹಾದಂಗಡಿಯ ಕಟ್ಟೆ.

ಒಂದು ಭಾನುವಾರ ಗಾಡಿ ಸದ್ದಿಲ್ಲದೆ ಬಂದು ಆ ಕಟ್ಟೆಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಲಕ್ಷ್ಮೀಬಾಯಿ, ಅವಳ ಪಕ್ಕದಲ್ಲಿ ಸಿದ್ದವ್ವ. ದೀಪಾಲಿ ಕೆಳಗಿಳಿದು ಡ್ರೈವರ್ ಬಾಗಿಲು ತೆರೆದಿಟ್ಟು, ತಾನು ಎಡಗಡೆಗೆ ಹೋಗಿ ಕೂತಳು.

"ಆಯಿಗೆ ಹಿಡಕಲ್ ಡ್ಯಾಮ್ ನೋಡಬೇಕಂತ ಕಾಕಾ. ನನಗ ಈ ವಾರೆಲ್ಲಾ ಹೊಡದ ಸಾಕಾಗೈತಿ. ಬರ್ರಿ."

ಬೀರಸಿದ್ದಪ್ಪ ಎದ್ದ. ಅರ್ಧ ಚಹಾ ಕಟ್ಟೆಯ ಮೇಲೆ ಹಾಗೇ ಉಳಿಯಿತು. ಸೀಟಿಗೆ ಹತ್ತಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಗಾಡಿ ಹೊರಡಿಸುವ ಮೊದಲು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡ.