ಮರಳದಿಬ್ಬದ ಮೇಲೆ ಮಂಡಕ್ಕಿ

ಕಡಲತೀರದ ಈ ಹಳ್ಳಿಗೆ ಬಂದರೂ ದಾವಣಗೆರೆ ನನ್ನ ಬೆನ್ನು ಬಿಡಲಿಲ್ಲ. ಮರಳದಿಬ್ಬದ ಕೆಳಗಿನ ಚಪ್ಪರದಲ್ಲಿ ಸಂಜೆಯಾಗುತ್ತಲೇ ಹಾಡು, ಕುಣಿತ ಶುರುವಾಗಿತ್ತು. "ಕುಡಿಯೋರ ಜಾಗ ಅದು, ಹೋಗಬ್ಯಾಡ" ಎಂದು ನನ್ನನ್ನು ತಡೆದ ದೊಡ್ಡಪ್ಪ, ದಿಬ್ಬದ ತುದಿಯಲ್ಲಿ ಪೇಪರ್ ಹಾಸಿ, ಊರಿಂದ ತಂದ ಚೀಲದ ಮಂಡಕ್ಕಿ ಸುರಿದರು.

"ಗಾಳಿ ಐತೆ, ಬ್ಯಾಡ ದೊಡ್ಡಪ್ಪ" ಅಂತ ಮೂರು ಸಲ ಬಡಕೊಂಡೆ. ಕೇಳಿದರೆ ತಾನೆ? ಕಲಸಲು ಎಣ್ಣೆ ಬಾಟಲಿ ತೆಗೆಯುವಷ್ಟರಲ್ಲಿ ಅಷ್ಟೂ ಮಂಡಕ್ಕಿ ಹಾರಿ ಕುಣಿಯುವವರ ತಲೆ ಮೇಲೆ ಬಿತ್ತು.

ಬೈಸಿಕೊಳ್ಳಲು ನಾನು ತಯಾರಾದರೆ, ಕೆಳಗಿನವರು ಎರಡೂ ಕೈ ಎತ್ತಿ, ಇನ್ನೂ ಹಾಕಿ ಎಂದು ಕೂಗಿದರು!

ದೊಡ್ಡಪ್ಪ ಎದ್ದು ಪಂಚೆ ಕೊಡವಿದರು. "ಕಾರ್‌ನಾಗೆ ಇನ್ನೊಂದು ಚೀಲ ಐತೆ. ಕೊಟ್ಟು ಬರ್ತೀನಿ, ನೀನು ಇಲ್ಲೇ ಕೂಡು."

ಹೋಗಿ ಗಂಟೆಯಾಯಿತು. ಕೆಳಗೆ ಚಪ್ಪರದಲ್ಲಿ ಒಂದು ಬಿಳಿ ಪಂಚೆ ಕುಣಿಯುತ್ತಿದೆ. ನಾನಿಲ್ಲಿ ಖಾಲಿ ಪೇಪರ್ ಕಾಯುತ್ತಿದ್ದೇನೆ.